ಸೆಡ್, ಟೋಲ್ಡ್, ಸಜೆಸ್ಟೆಡ್: ಇವುಗಳ ಮುಂದೆ ಏನು ಬರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಇನ್ನೊಬ್ಬರು ಹೇಳಿದ ಮಾತನ್ನು ಇಂಗ್ಲಿಷಿನಲ್ಲಿ ತಿಳಿಸುವಾಗ ಬಹಳ ಜನ ಒಂದು ಕ್ಷಣ ತಡವರಿಸುತ್ತಾರೆ. ವರ್ಬ್ ಗೊತ್ತು, ಅದರ ಅರ್ಥವೂ ಗೊತ್ತು. ಅದರ ಮುಂದೆ 'ದಟ್' ಬರಬೇಕಾ, 'ಟು' ಬರಬೇಕಾ, 'ಇಂಗ್' ಬರಬೇಕಾ ಎಂಬಲ್ಲೇ ಗೊಂದಲ. ಕನ್ನಡ ಮೀಡಿಯಮ್ಮಿನಲ್ಲಿ ಓದಿದವರೂ ಇಂಗ್ಲಿಷ್ ಮೀಡಿಯಮ್ಮಿನವರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಅವನ್ನು ಜೋರಾಗಿ ಓದಿಕೊಳ್ಳಿ. ಇದು ಕಣ್ಣಿಗಿಂತ ಕಿವಿಗೆ ಬೇಗ ಹತ್ತುವ ವಿಷಯ.

ರಿಪೋರ್ಟಿಂಗ್ ವರ್ಬ್ ಎಂದರೆ ಯಾವುವು?

ಯಾರೋ ಆಡಿದ ಮಾತನ್ನು ನಾವು ಮತ್ತೊಬ್ಬರಿಗೆ ತಿಳಿಸಲು ಬಳಸುವ ವರ್ಬ್‌ಗಳು. ಸೇ, ಟೆಲ್, ಆಸ್ಕ್ ಎಲ್ಲರಿಗೂ ಗೊತ್ತು. ಸಜೆಸ್ಟ್, ಅಡ್ವೈಸ್, ವಾರ್ನ್, ಪ್ರಾಮಿಸ್, ರೆಫ್ಯೂಸ್, ಡಿನೈ, ಅಡ್ಮಿಟ್, ಇನ್‌ಸಿಸ್ಟ್, ಅಕ್ಯೂಸ್, ಅಪಾಲಜೈಸ್ ಕೂಡ ಇದೇ ಗುಂಪಿನವು. ಇವು ಮಾತನ್ನು ತಿಳಿಸುವುದರ ಜೊತೆಗೆ ಅದು ಎಂಥ ಮಾತು ಅನ್ನುವುದನ್ನೂ ಹೇಳುತ್ತವೆ. ಸಲಹೆಯೋ, ಬೆದರಿಕೆಯೋ, ಕ್ಷಮೆಯೋ ಅನ್ನುವುದು ವರ್ಬ್‌ನಿಂದಲೇ ಗೊತ್ತಾಗುತ್ತದೆ.

ಅರ್ಥ ಗೊತ್ತಿದ್ದರೂ ತಪ್ಪಾಗುವುದು ಯಾಕೆ?

ಕನ್ನಡದಲ್ಲಿ ಈ ಕೆಲಸವನ್ನೆಲ್ಲ 'ಅಂತ' ಒಂದೇ ಮಾಡಿ ಮುಗಿಸುತ್ತದೆ. ಇವನ್ನು ನೋಡಿ.

ನಾಳೆ ಬರ್ತೀನಿ ಅಂತ ಮಾತು ಕೊಟ್ಟ.
ಬೇಗ ಹೊರಡು ಅಂತ ಹೇಳಿದ.
ಕದ್ದಿದ್ದು ನಾನೇ ಅಂತ ಒಪ್ಪಿಕೊಂಡ.
ನೀನೇ ಕದ್ದೆ ಅಂತ ಆರೋಪ ಮಾಡಿದ.
ಎಲ್ಲಿಗೆ ಹೊರಟೆ ಅಂತ ಕೇಳಿದ.

ಐದು ಕಡೆಯೂ 'ಅಂತ' ಇದೆ. ಆಡಿದ ಮಾತನ್ನು ಹೇಗಿದೆಯೋ ಹಾಗೇ ಇಟ್ಟು, ಪಕ್ಕದಲ್ಲಿ 'ಅಂತ' ಸೇರಿಸಿದರೆ ವಾಕ್ಯ ಸಿದ್ಧ. ಇಂಗ್ಲಿಷಿನಲ್ಲಿ ಇದೇ ಐದು ವಾಕ್ಯಗಳಿಗೆ ಐದು ಬೇರೆ ರಚನೆ ಬೇಕು. 'ಹಿ ಪ್ರಾಮಿಸ್ಡ್ ಟು ಕಮ್.' 'ಹಿ ಟೋಲ್ಡ್ ಮಿ ಟು ಲೀವ್ ಅರ್ಲಿ.' 'ಹಿ ಅಡ್ಮಿಟೆಡ್ ಸ್ಟೀಲಿಂಗ್ ಇಟ್.' 'ಹಿ ಅಕ್ಯೂಸ್ಡ್ ಮಿ ಆಫ್ ಸ್ಟೀಲಿಂಗ್ ಇಟ್.' 'ಹಿ ಆಸ್ಕ್ಡ್ ಮಿ ವೇರ್ ಐ ವಾಸ್ ಗೋಯಿಂಗ್.'

ನಾವು 'ಅಂತ' ಇರುವ ಕಡೆಯೆಲ್ಲ 'ದಟ್' ಹಾಕಲು ಹೋಗುತ್ತೇವೆ. 'ಹಿ ಅಕ್ಯೂಸ್ಡ್ ದಟ್', 'ಹಿ ಆಸ್ಕ್ಡ್ ದಟ್ ವೇರ್' ಹುಟ್ಟುವುದು ಹೀಗೆ. ಇದು ಬುದ್ಧಿ ಕಡಿಮೆ ಎನ್ನುವ ಮಾತಲ್ಲ. ನಮ್ಮ ಭಾಷೆಯ ಅಭ್ಯಾಸ ಅಷ್ಟು ಗಟ್ಟಿಯಾಗಿದೆ, ಅಷ್ಟೇ. ಇಂಗ್ಲಿಷಿನಲ್ಲಿ ಮುಂದೆ ಏನು ಬರಬೇಕು ಅಂತ ತೀರ್ಮಾನ ಮಾಡುವುದು ಆಯಾ ವರ್ಬ್. ಒಂದೇ ಅರ್ಥದ ಎರಡು ವರ್ಬ್‌ಗಳಿಗೂ ಬೇರೆ ಬೇರೆ ಪ್ಯಾಟರ್ನ್ ಇರಬಹುದು. ಹಾಗಾಗಿ ವರ್ಬ್ ಒಂದನ್ನೇ ಕಲಿತರೆ ಸಾಲದು, ಅದರ ಮುಂದಿನ ತುಣುಕನ್ನೂ ಸೇರಿಸಿ ಕಲಿಯಬೇಕು.

'ಸೇ' ಮತ್ತು 'ಟೆಲ್' ಎರಡೂ 'ಹೇಳು' ತಾನೇ? ಏನು ವ್ಯತ್ಯಾಸ?

'ಟೆಲ್' ಆದ ಕೂಡಲೇ ಯಾರಿಗೆ ಎಂಬುದು ಬರಬೇಕು. ನಡುವೆ 'ಟು' ಬೇಡ. 'ಹಿ ಟೋಲ್ಡ್ ಮಿ ದಟ್ ದಿ ಬಸ್ ವಾಸ್ ಲೇಟ್.' 'ಸೇ' ಆದಮೇಲೆ ನೇರವಾಗಿ ವಿಷಯಕ್ಕೆ ಹೋಗಬಹುದು. 'ಹಿ ಸೆಡ್ ದಟ್ ದಿ ಬಸ್ ವಾಸ್ ಲೇಟ್.' ಯಾರಿಗೆ ಅಂತ ಹೇಳಲೇಬೇಕಿದ್ದರೆ 'ಸೆಡ್ ಟು ಮಿ'. ಅದು ಸರಿಯೇ, ಆದರೆ ಮಾತಿನಲ್ಲಿ 'ಟೋಲ್ಡ್ ಮಿ' ಸಲೀಸು.

ತಪ್ಪಾಗುವ ಮೂರು ರೂಪ ಇವು: 'ಹಿ ಟೋಲ್ಡ್ ದಟ್', 'ಹಿ ಟೋಲ್ಡ್ ಟು ಮಿ ದಟ್', 'ಹಿ ಸೆಡ್ ಮಿ'. ನಡುವಿನದು 'ನನಗೆ' ಪದದ 'ಗೆ'ಯಿಂದ ಬಂದದ್ದು. 'ಗೆ' ಕಂಡಲ್ಲೆಲ್ಲ ನಮ್ಮ ಬಾಯಿಗೆ 'ಟು' ಬರುತ್ತದೆ.

'ಟೆಲ್' ಜೊತೆ ವ್ಯಕ್ತಿ ಬೇಕಿಲ್ಲದ ಕೆಲವು ಮಾತುಗಳಿವೆ. 'ಟೆಲ್ ಎ ಸ್ಟೋರಿ', 'ಟೆಲ್ ಎ ಲೈ', 'ಟೆಲ್ ದಿ ಟ್ರುತ್', 'ಟೆಲ್ ದಿ ಟೈಮ್'. ಇವನ್ನು ಹಾಗೇ ನೆನಪಿಡಬೇಕು. ಇಲ್ಲಿ 'ಸೇ' ಹಾಕಿ 'ಸೇ ಎ ಸ್ಟೋರಿ' ಎಂದರೆ ತಪ್ಪು.

ಶಾಲೆಯಲ್ಲಿ 'ಸೆಡ್ ಟು' ಬಂದರೆ 'ಟೋಲ್ಡ್' ಮಾಡಿ ಅಂತ ಕಲಿಸಿದ್ದರಲ್ಲ?

ಆ ಸೂತ್ರ ತಪ್ಪಲ್ಲ, ಅರ್ಧ ಮಾತ್ರ. ಉದ್ಧರಣ ಚಿಹ್ನೆ ತೆಗೆದು, 'ದಟ್' ಸೇರಿಸಿ, ಕಾಲ ಬದಲಿಸಿ ಬರೆಯುವ ಅಭ್ಯಾಸ ಅದು. ನಿಜ ಜೀವನದಲ್ಲಿ ಯಾರೂ ಮಾತನ್ನು ಪದ ಪದವಾಗಿ ಬದಲಿಸಿ ಹೇಳುವುದಿಲ್ಲ. 'ಸಾರಿ, ಲೇಟಾಯ್ತು' ಅಂತ ಒಬ್ಬ ಹೇಳಿದ್ದನ್ನು ನೀವು 'ಹಿ ಅಪಾಲಜೈಸ್ಡ್ ಫಾರ್ ಬೀಯಿಂಗ್ ಲೇಟ್' ಅಂತ ಒಂದೇ ಏಟಿಗೆ ಹೇಳುತ್ತೀರಿ. ಅಲ್ಲಿ 'ದಟ್'ಗೂ ಜಾಗ ಇಲ್ಲ, 'ಟೋಲ್ಡ್'ಗೂ ಇಲ್ಲ. ಶಾಲೆಯ ಸೂತ್ರ ನಿಲ್ಲುವ ಕಡೆಯಿಂದಲೇ ಈ ಪುಟ ಶುರು.

'ಹಿ ಸಜೆಸ್ಟೆಡ್ ಮಿ ಟು ಗೋ' ತಪ್ಪು ಅಂತಾರೆ. ನಿಜವಾ?

ಹೌದು, ತಪ್ಪು. ಅತಿ ಹೆಚ್ಚು ಕೇಳಿಬರುವ ತಪ್ಪೂ ಇದೇ. ಆಫೀಸ್ ಮೇಲ್‌ಗಳಲ್ಲಿ ದಿನಾ ಕಾಣುತ್ತದೆ. 'ಅಡ್ವೈಸ್ಡ್ ಮಿ ಟು ಗೋ' ಸರಿ, 'ಟೋಲ್ಡ್ ಮಿ ಟು ಗೋ' ಸರಿ, ಹಾಗಾದರೆ ಸಜೆಸ್ಟ್ ಯಾಕಾಗಬಾರದು ಅಂತ ಅನ್ನಿಸುವುದು ಸಹಜ. ಆದರೆ ಸಜೆಸ್ಟ್ ತನ್ನ ಪಕ್ಕದಲ್ಲಿ ವ್ಯಕ್ತಿಯನ್ನು ಕೂರಿಸಿಕೊಳ್ಳುವುದಿಲ್ಲ. 'ಟು ಗೋ' ತರಹದ ರೂಪವನ್ನೂ ತೆಗೆದುಕೊಳ್ಳುವುದಿಲ್ಲ. ಸರಿಯಾದ ದಾರಿಗಳು ಇವು.

'ಹಿ ಸಜೆಸ್ಟೆಡ್ ಗೋಯಿಂಗ್ ಟು ಎ ಡಾಕ್ಟರ್.' ಇಲ್ಲಿ ಯಾರು ಹೋಗಬೇಕು ಎಂಬುದನ್ನು ಸಂದರ್ಭ ಹೇಳುತ್ತದೆ. 'ಶಿ ಸಜೆಸ್ಟೆಡ್ ಗೋಯಿಂಗ್ ಟು ದಿ ಬೀಚ್' ಎಂದರೆ ಬಹುಶಃ ಅವಳೂ ಬರುತ್ತಾಳೆ.

'ಹಿ ಸಜೆಸ್ಟೆಡ್ ದಟ್ ಐ ಗೋ ಟು ಎ ಡಾಕ್ಟರ್.' ಅಥವಾ 'ದಟ್ ಐ ಶುಡ್ ಗೋ.' ಯಾರು ಎಂಬುದು ಸ್ಪಷ್ಟವಾಗಬೇಕಾದರೆ ಇದೇ ಒಳ್ಳೆಯದು.

'ಹಿ ಸಜೆಸ್ಟೆಡ್ ಎ ಗುಡ್ ಡಾಕ್ಟರ್ ಟು ಮಿ.' ವಸ್ತು ಅಥವಾ ವ್ಯಕ್ತಿಯನ್ನು ಸೂಚಿಸುವಾಗ ಹೀಗೆ. ವಸ್ತು ಮೊದಲು, 'ಟು ಮಿ' ಆಮೇಲೆ. 'ಸಜೆಸ್ಟೆಡ್ ಮಿ ಎ ಡಾಕ್ಟರ್' ಬೇಡ.

'ಬೇಡ' ಎಂಬ ಸಲಹೆಯಾದರೆ 'ಹಿ ಸಜೆಸ್ಟೆಡ್ ನಾಟ್ ಗೋಯಿಂಗ್' ಅಥವಾ 'ಹಿ ಸಜೆಸ್ಟೆಡ್ ದಟ್ ಐ ಶುಡ್ ನಾಟ್ ಗೋ'.

ಸಜೆಸ್ಟ್‌ಗೆ ಇನ್ನೊಂದು ಅರ್ಥವೂ ಇದೆ: ಸುಳಿವು ಕೊಡು. 'ದಿ ರಿಪೋರ್ಟ್ ಸಜೆಸ್ಟೆಡ್ ದಟ್ ದಿ ವಾಟರ್ ವಾಸ್ ನಾಟ್ ಸೇಫ್.' ಇಲ್ಲಿ ಸಲಹೆ ಇಲ್ಲ, ಆದ್ದರಿಂದ ಮಾಮೂಲಿ ಕಾಲವೇ ಬರುತ್ತದೆ. 'ಶುಡ್' ಹಾಕಿದರೆ ಅರ್ಥ ಕೆಡುತ್ತದೆ.

'ಸಜೆಸ್ಟೆಡ್ ದಟ್ ಶಿ ಗೋ' ಎಂಬಲ್ಲಿ 'ಗೋಸ್' ಬೇಡವಾ?

ಬೇಡ. ಈ ರೂಪಕ್ಕೆ ಸಬ್‌ಜಂಕ್ಟಿವ್ ಅನ್ನುತ್ತಾರೆ. ಹೆಸರು ಮರೆತರೂ ಪರವಾಗಿಲ್ಲ. ಸಜೆಸ್ಟ್, ರೆಕಮೆಂಡ್, ಪ್ರಪೋಸ್, ಡಿಮ್ಯಾಂಡ್, ರಿಕ್ವೆಸ್ಟ್, ಇನ್‌ಸಿಸ್ಟ್ ಇವುಗಳ 'ದಟ್' ಆದಮೇಲೆ ವರ್ಬ್ ಬರಿಯ ರೂಪದಲ್ಲಿ ಬರುತ್ತದೆ. ಹಿ, ಶಿ ಎಂದು 'ಎಸ್' ಸೇರುವುದಿಲ್ಲ. ಹಿಂದಿನ ವರ್ಬ್ ಭೂತಕಾಲದಲ್ಲಿದ್ದರೂ ಇದು ಬದಲಾಗುವುದಿಲ್ಲ. 'ಬಿ' ವರ್ಬ್ ಕೂಡ 'ಬಿ' ಆಗಿಯೇ ಉಳಿಯುತ್ತದೆ: 'ದೆ ಡಿಮ್ಯಾಂಡೆಡ್ ದಟ್ ಹಿ ಬಿ ರಿಲೀಸ್ಡ್.'

ಅಮೆರಿಕನ್ ಇಂಗ್ಲಿಷಿನಲ್ಲಿ ಈ ಬರಿಯ ರೂಪವೇ ಜಾಸ್ತಿ. ಬ್ರಿಟಿಷ್ ಇಂಗ್ಲಿಷಿನಲ್ಲಿ 'ಶುಡ್' ಸೇರಿಸಿ 'ದಟ್ ಶಿ ಶುಡ್ ಗೋ' ಅನ್ನುವುದು ರೂಢಿ. ಮಾತಿನಲ್ಲಿ ಬ್ರಿಟಿಷರು 'ದಟ್ ಶಿ ಗೋಸ್' ಅಂತಲೂ ಅನ್ನುವುದುಂಟು. ಬರವಣಿಗೆಯಲ್ಲಿ 'ಶುಡ್' ಸೇರಿಸಿದರೆ ಎಲ್ಲಿಯೂ ತಪ್ಪಾಗುವುದಿಲ್ಲ. ಅನುಮಾನ ಬಂದಾಗ ನಾನು ಅದನ್ನೇ ಹಾಕಿ ಎನ್ನುತ್ತೇನೆ.

ಇದಕ್ಕೆ ಕನ್ನಡದಲ್ಲೇ ಒಂದು ಒಳ್ಳೆಯ ಪರೀಕ್ಷೆ ಇದೆ. 'ಇರಲಿ, ಹೋಗಲಿ, ಬರಲಿ' ಎಂಬ ರೂಪ ನಮ್ಮಲ್ಲಿ ಇದೆಯಲ್ಲ, ಅದನ್ನು ಹಾಕಿ ನೋಡಿ. 'ಅವಳು ಅಲ್ಲಿ ಇರಲಿ ಅಂತ ಪಟ್ಟು ಹಿಡಿದ' ಆದರೆ 'ಹಿ ಇನ್‌ಸಿಸ್ಟೆಡ್ ದಟ್ ಶಿ ಬಿ ದೇರ್'. 'ಅವಳು ಅಲ್ಲಿ ಇದ್ದಳು ಅಂತ ಪಟ್ಟು ಹಿಡಿದ' ಆದರೆ 'ಹಿ ಇನ್‌ಸಿಸ್ಟೆಡ್ ದಟ್ ಶಿ ವಾಸ್ ದೇರ್'. ಮೊದಲನೆಯದು ಆಗಬೇಕಾದ ಮಾತು. ಎರಡನೆಯದು ಆಗಿಹೋದ ಸಂಗತಿಯ ಬಗ್ಗೆ ವಾದ. ಒಂದೇ ವರ್ಬ್, ಒಂದೇ 'ದಟ್', ಆದರೂ ಅರ್ಥ ಪೂರ್ತಿ ಬೇರೆ. 'ಲಿ' ಬಂದರೆ ಬರಿಯ ರೂಪ, ಬರದಿದ್ದರೆ ಮಾಮೂಲಿ ಕಾಲ.

ಅಡ್ವೈಸ್, ರೆಕಮೆಂಡ್ ಎರಡೂ ಸಜೆಸ್ಟ್ ತರಹವೇನಾ?

ಅಡ್ವೈಸ್ ಬೇರೆ. ಅದರ ಪಕ್ಕ ವ್ಯಕ್ತಿ ಬರುತ್ತದೆ: 'ದಿ ಡಾಕ್ಟರ್ ಅಡ್ವೈಸ್ಡ್ ಮಿ ಟು ರೆಸ್ಟ್.' ವ್ಯಕ್ತಿ ಬೇಡವಾದರೆ 'ಇಂಗ್': 'ದಿ ಡಾಕ್ಟರ್ ಅಡ್ವೈಸ್ಡ್ ರೆಸ್ಟಿಂಗ್.' ವ್ಯಕ್ತಿ ಇದ್ದರೆ 'ಟು', ಇಲ್ಲದಿದ್ದರೆ 'ಇಂಗ್' ಅಂತ ಇಟ್ಟುಕೊಳ್ಳಿ.

ರೆಕಮೆಂಡ್ ಬಹುಪಾಲು ಸಜೆಸ್ಟ್ ತರಹ: 'ರೆಕಮೆಂಡೆಡ್ ವಾಕಿಂಗ್', 'ರೆಕಮೆಂಡೆಡ್ ದಟ್ ಐ ವಾಕ್'. 'ರೆಕಮೆಂಡೆಡ್ ಮಿ ಟು ವಾಕ್' ಎಂಬ ರೂಪವನ್ನು ಬ್ರಿಟಿಷ್ ಡಿಕ್ಷನರಿಗಳಲ್ಲಿ ಕಾಣಬಹುದು. ಆದರೂ ಮೊದಲ ಎರಡು ಎಲ್ಲ ಕಡೆ ನಡೆಯುತ್ತವೆ. ಅವನ್ನೇ ರೂಢಿ ಮಾಡಿಕೊಳ್ಳಿ.

ಸಲಹೆ ಎಂಬ ಹೆಸರುಪದ 'ಅಡ್ವೈಸ್' ಆದಾಗ ಬಹುವಚನ ಇಲ್ಲ. 'ಅಡ್ವೈಸಸ್' ಎಂದು ಬರೆಯಬೇಡಿ.

'ಎಕ್ಸ್‌ಪ್ಲೇನ್ ಮಿ' ಯಾಕೆ ತಪ್ಪು? 'ಟೆಲ್ ಮಿ' ಸರಿಯಲ್ವಾ?

ಎಕ್ಸ್‌ಪ್ಲೇನ್‌ಗೆ 'ಟು' ಬೇಕು. 'ಶಿ ಎಕ್ಸ್‌ಪ್ಲೇನ್ಡ್ ದಿ ಪ್ರಾಬ್ಲಮ್ ಟು ಮಿ.' 'ಶಿ ಎಕ್ಸ್‌ಪ್ಲೇನ್ಡ್ ಟು ಮಿ ಹೌ ಇಟ್ ವರ್ಕ್ಸ್.' ಮೆನ್ಷನ್, ರಿಪೋರ್ಟ್, ಅನೌನ್ಸ್, ಡಿಸ್ಕ್ರೈಬ್, ಕಂಪ್ಲೇನ್, ಕನ್ಫೆಸ್, ಅಡ್ಮಿಟ್ ಇವೂ ಹಾಗೇ. ಕೇಳುವವರನ್ನು ಹೇಳಬೇಕಾದರೆ 'ಟು' ಮೂಲಕವೇ.

ಟೆಲ್, ಇನ್ಫಾರ್ಮ್, ರಿಮೈಂಡ್, ಅಶ್ಯೂರ್, ಕನ್ವಿನ್ಸ್ ಇವುಗಳಿಗೆ ವ್ಯಕ್ತಿ ನೇರವಾಗಿ ಬೇಕು, 'ಟು' ಬೇಡ. 'ಹಿ ಇನ್ಫಾರ್ಮ್ಡ್ ಅಸ್ ದಟ್ ದಿ ಆಫೀಸ್ ವಾಸ್ ಕ್ಲೋಸ್ಡ್.' 'ಇನ್ಫಾರ್ಮ್ಡ್ ದಟ್' ಎಂದು ವ್ಯಕ್ತಿಯನ್ನು ಬಿಟ್ಟರೆ ವಾಕ್ಯ ಕುಂಟುತ್ತದೆ. ಕನ್ನಡದಲ್ಲಿ ಎರಡೂ ಗುಂಪಿಗೆ 'ನನಗೆ, ನಮಗೆ' ಒಂದೇ. ಹಾಗಾಗಿ ನಮ್ಮ ಭಾಷೆ ಇಲ್ಲಿ ಏನೂ ಸುಳಿವು ಕೊಡುವುದಿಲ್ಲ. ಈ ಎರಡು ಗುಂಪನ್ನು ಬಾಯಿಪಾಠ ಮಾಡುವುದೊಂದೇ ದಾರಿ.

'ಐ ವಾಸ್ ಸಜೆಸ್ಟೆಡ್ ಟು ಅಪ್ಲೈ' ಅಂತ ಮೇಲ್‌ನಲ್ಲಿ ಬರೆಯಬಹುದಾ?

ಬೇಡ. 'ಇಟ್ ವಾಸ್ ಸಜೆಸ್ಟೆಡ್ ದಟ್ ಐ ಅಪ್ಲೈ' ಸರಿ. 'ಐ ವಾಸ್ ಎಕ್ಸ್‌ಪ್ಲೇನ್ಡ್ ದಿ ಪ್ರೊಸೀಜರ್' ಕೂಡ ತಪ್ಪು. 'ದಿ ಪ್ರೊಸೀಜರ್ ವಾಸ್ ಎಕ್ಸ್‌ಪ್ಲೇನ್ಡ್ ಟು ಮಿ' ಅನ್ನಿ.

ಹಿಂದಿನ ಪ್ರಶ್ನೆಗೂ ಇದಕ್ಕೂ ನಂಟಿದೆ. ಯಾವ ವರ್ಬ್‌ನ ಪಕ್ಕ ವ್ಯಕ್ತಿ 'ಟು' ಇಲ್ಲದೆ ನೇರವಾಗಿ ಬರಬಹುದೋ, ಆ ವ್ಯಕ್ತಿಯನ್ನು ಪ್ಯಾಸಿವ್ (ಕರ್ಮಣಿ) ವಾಕ್ಯದ ತಲೆಗೆ ತರಬಹುದು. 'ಟೋಲ್ಡ್ ಮಿ' ಸರಿ, ಆದ್ದರಿಂದ 'ಐ ವಾಸ್ ಟೋಲ್ಡ್' ಸರಿ. 'ಅಡ್ವೈಸ್ಡ್ ಮಿ' ಸರಿ, ಆದ್ದರಿಂದ 'ಐ ವಾಸ್ ಅಡ್ವೈಸ್ಡ್ ಟು ಅಪ್ಲೈ' ಸರಿ. ಆಸ್ಕ್ಡ್, ರಿಮೈಂಡೆಡ್, ಇನ್ಫಾರ್ಮ್ಡ್, ವಾರ್ನ್ಡ್ ಎಲ್ಲವೂ ಹೀಗೇ. ಸಜೆಸ್ಟ್, ಎಕ್ಸ್‌ಪ್ಲೇನ್, ಸೇ, ಮೆನ್ಷನ್ ಆಗುವುದಿಲ್ಲ. 'ಐ ವಾಸ್ ಸೆಡ್ ದಟ್' ಎಂಬುದು ಇಲ್ಲವೇ ಇಲ್ಲ.

ಇನ್ನೊಂದು ಮಾತು. 'ಇಟ್ ಈಸ್ ಇನ್ಫಾರ್ಮ್ಡ್ ದಟ್' ಎಂಬ ಶುರು ನಮ್ಮ ಸುತ್ತೋಲೆಗಳಲ್ಲಿ ಬಹಳ. ಬದಲಿಗೆ 'ದಿಸ್ ಈಸ್ ಟು ಇನ್ಫಾರ್ಮ್ ಯು ದಟ್' ಅಥವಾ 'ಪ್ಲೀಸ್ ನೋಟ್ ದಟ್' ಬರೆಯಿರಿ. ಓದುವವರಿಗೂ ಹಗುರ.

'ಆಸ್ಕ್ಡ್ ಟು ಲೀವ್' ಮತ್ತು 'ಆಸ್ಕ್ಡ್ ಮಿ ಟು ಲೀವ್' ಒಂದೇನಾ?

ಅಲ್ಲ. ಎಷ್ಟೋ ಜಗಳಗಳಿಗೆ ಸಾಕಾಗುವಷ್ಟು ವ್ಯತ್ಯಾಸ ಇದೆ. 'ಹಿ ಆಸ್ಕ್ಡ್ ಟು ಲೀವ್' ಎಂದರೆ 'ನಾನು ಹೊರಡಲಾ?' ಅಂತ ಅವನು ಕೇಳಿದ. 'ಹಿ ಆಸ್ಕ್ಡ್ ಮಿ ಟು ಲೀವ್' ಎಂದರೆ 'ನೀನು ಹೊರಡು' ಅಂತ ನನಗೆ ಹೇಳಿದ. ನಡುವೆ ವ್ಯಕ್ತಿ ಇದ್ದರೆ ಕೆಲಸ ಮಾಡುವುದು ಆ ವ್ಯಕ್ತಿ. ಇಲ್ಲದಿದ್ದರೆ ಮಾತಾಡಿದವನೇ.

ಪ್ರಾಮಿಸ್, ಆಫರ್, ರೆಫ್ಯೂಸ್, ಥ್ರೆಟನ್, ಅಗ್ರೀ ಇವು ಮಾತಾಡಿದವನೇ ಮಾಡುವ ಕೆಲಸದ ಬಗ್ಗೆ. 'ಶಿ ಆಫರ್ಡ್ ಟು ಹೆಲ್ಪ್.' 'ದೆ ಥ್ರೆಟನ್ಡ್ ಟು ಸ್ಟಾಪ್ ವರ್ಕ್.' 'ಹಿ ಪ್ರಾಮಿಸ್ಡ್ ಟು ಕಾಲ್.' ಯಾರಿಗೆ ಮಾತು ಕೊಟ್ಟ ಅಂತ ಹೇಳಬೇಕಿದ್ದರೆ 'ಹಿ ಪ್ರಾಮಿಸ್ಡ್ ಮಿ ದಟ್ ಹಿ ವುಡ್ ಕಾಲ್' ಚೆನ್ನ.

ಟೆಲ್, ಆರ್ಡರ್, ರಿಮೈಂಡ್, ಎನ್‌ಕರೇಜ್, ಇನ್ವೈಟ್, ಪರ್ಸ್ವೇಡ್, ಅರ್ಜ್, ಬೆಗ್ ಇವುಗಳ ಪಕ್ಕ ವ್ಯಕ್ತಿ ಬರುತ್ತದೆ, ಆಮೇಲೆ 'ಟು'. 'ಮೈ ಸಿಸ್ಟರ್ ರಿಮೈಂಡೆಡ್ ಮಿ ಟು ಪೇ ದಿ ಬಿಲ್.'

'ಬೇಡ' ಅಂದದ್ದನ್ನು ಹೇಗೆ ಹೇಳುವುದು?

'ನಾಟ್' ಯಾವಾಗಲೂ 'ಟು' ಮೊದಲು. 'ಶಿ ಟೋಲ್ಡ್ ಮಿ ನಾಟ್ ಟು ವೆಯ್ಟ್.' 'ಟೋಲ್ಡ್ ಮಿ ಟು ಡೋಂಟ್ ವೆಯ್ಟ್' ಅಂತ ಬರೆಯುವವರಿದ್ದಾರೆ, ಅದು ಪೂರ್ತಿ ತಪ್ಪು. 'ನಾಟ್' ಜಾಗ ಬದಲಾದರೆ ಅರ್ಥವೂ ಬದಲಾಗುತ್ತದೆ. 'ಶಿ ಡಿಡ್ ನಾಟ್ ಟೆಲ್ ಮಿ ಟು ವೆಯ್ಟ್' ಎಂದರೆ ಕಾಯಿ ಅಂತ ಅವಳು ಹೇಳಲೇ ಇಲ್ಲ.

ಎಚ್ಚರಿಕೆಗೆ ವಾರ್ನ್. 'ಹಿ ವಾರ್ನ್ಡ್ ಅಸ್ ನಾಟ್ ಟು ಸ್ವಿಮ್ ದೇರ್', 'ಹಿ ವಾರ್ನ್ಡ್ ಅಸ್ ಅಗೇನ್‌ಸ್ಟ್ ಸ್ವಿಮಿಂಗ್ ದೇರ್', 'ಹಿ ವಾರ್ನ್ಡ್ ಅಸ್ ದಟ್ ದಿ ರಿವರ್ ವಾಸ್ ಡೀಪ್'. ಮೂರೂ ಸರಿ. ಅಗೇನ್‌ಸ್ಟ್ ಬಂದಾಗ ಮತ್ತೆ 'ನಾಟ್' ಹಾಕಬೇಡಿ.

'ನಿರಾಕರಿಸಿದ' ಅಂದರೆ 'ರೆಫ್ಯೂಸ್ಡ್' ಅಂತ ಬರೆದರೆ ಕೆಲವೊಮ್ಮೆ ಯಾಕೆ ತಪ್ಪಾಗುತ್ತದೆ?

ಕನ್ನಡದ ಪತ್ರಿಕೆ ತೆರೆದು ನೋಡಿ. 'ಸಚಿವರು ಆರೋಪವನ್ನು ನಿರಾಕರಿಸಿದರು' ಅಂತ ಒಂದು ಕಡೆ. 'ಪ್ರತಿಕ್ರಿಯೆ ನೀಡಲು ನಿರಾಕರಿಸಿದರು' ಅಂತ ಇನ್ನೊಂದು ಕಡೆ. ನಮಗೆ ಎರಡಕ್ಕೂ ಒಂದೇ ಪದ. ಇಂಗ್ಲಿಷಿನಲ್ಲಿ ಮೊದಲನೆಯದು ಡಿನೈ, ಎರಡನೆಯದು ರೆಫ್ಯೂಸ್.

ನಾನು ಮಾಡಿಲ್ಲ ಅನ್ನುವುದು ಡಿನೈ. ಅದರ ಮುಂದೆ 'ಇಂಗ್' ಅಥವಾ 'ದಟ್': 'ಹಿ ಡಿನೈಡ್ ಟೇಕಿಂಗ್ ದಿ ಮನಿ', 'ಹಿ ಡಿನೈಡ್ ದಟ್ ಹಿ ಹ್ಯಾಡ್ ಟೇಕನ್ ದಿ ಮನಿ'. ನಾನು ಮಾಡುವುದಿಲ್ಲ ಅನ್ನುವುದು ರೆಫ್ಯೂಸ್. ಅದರ ಮುಂದೆ 'ಟು' ಮಾತ್ರ: 'ಹಿ ರೆಫ್ಯೂಸ್ಡ್ ಟು ಟೇಕ್ ದಿ ಮನಿ.' 'ಡಿನೈಡ್ ಟು ಟೇಕ್' ಎಂದು ಬರೆದರೆ ವ್ಯಾಕರಣ ಕೆಡುತ್ತದೆ. ಲಂಚ ತೆಗೆದುಕೊಂಡಿಲ್ಲ ಎಂದನೋ, ತೆಗೆದುಕೊಳ್ಳುವುದಿಲ್ಲ ಎಂದನೋ ಎಂಬುದೂ ಗೊತ್ತಾಗುವುದಿಲ್ಲ. ಸುದ್ದಿ ಬರೆಯುವವರಿಗೆ, ಅನುವಾದ ಮಾಡುವವರಿಗೆ ಇದು ಬಹಳ ಮುಖ್ಯ.

'ಒಪ್ಪಿಕೊಂಡ' ಎಂಬುದೂ ಹೀಗೇ. 'ಕದ್ದಿದ್ದನ್ನು ಒಪ್ಪಿಕೊಂಡ' ಆದರೆ 'ಅಡ್ಮಿಟೆಡ್ ಸ್ಟೀಲಿಂಗ್'. 'ಬರೋಕೆ ಒಪ್ಪಿಕೊಂಡ' ಆದರೆ 'ಅಗ್ರೀಡ್ ಟು ಕಮ್'. 'ಅಕ್ಸೆಪ್ಟೆಡ್ ಟು ಕಮ್' ಅಲ್ಲ.

'ಟು' ಬರುತ್ತಾ 'ಇಂಗ್' ಬರುತ್ತಾ ಅಂತ ಊಹಿಸಲು ಏನಾದರೂ ಸೂತ್ರ ಇದೆಯಾ?

ಒಂದು ಇದೆ, ಪೂರ್ತಿ ನಂಬುವಂಥದ್ದಲ್ಲ. ಮುಂದೆ ಆಗಬೇಕಾದ ಕೆಲಸವಾದರೆ ಸಾಮಾನ್ಯವಾಗಿ 'ಟು'. ಪ್ರಾಮಿಸ್, ಆಫರ್, ರೆಫ್ಯೂಸ್, ಥ್ರೆಟನ್ ಎಲ್ಲವೂ ನಾಳೆಯ ಮಾತು. ಆಗಿಹೋದ ಕೆಲಸವಾದರೆ 'ಇಂಗ್'. ಅಡ್ಮಿಟ್, ಡಿನೈ, ಅಪಾಲಜೈಸ್, ಥ್ಯಾಂಕ್, ಅಕ್ಯೂಸ್ ಎಲ್ಲವೂ ನಿನ್ನೆಯ ಮಾತು.

ಕನ್ನಡವೂ ಇಲ್ಲಿ ಸಹಾಯಕ್ಕೆ ಬರುತ್ತದೆ. 'ಬರಲು ಒಪ್ಪಿದ, ಬರೋಕೆ ಒಪ್ಪಿದ' ಎಂಬ ರೂಪ ಸರಿ ಅನ್ನಿಸಿದರೆ ಹೆಚ್ಚಿನ ಕಡೆ 'ಟು'. 'ಬಂದಿದ್ದಕ್ಕೆ ಕ್ಷಮೆ ಕೇಳಿದ, ಸಹಾಯ ಮಾಡಿದ್ದಕ್ಕೆ ಥ್ಯಾಂಕ್ಸ್ ಹೇಳಿದ' ಎಂಬ ರೂಪ ಬಂದರೆ 'ಫಾರ್' ಮತ್ತು 'ಇಂಗ್'. 'ಶಿ ಥ್ಯಾಂಕ್ಡ್ ಮಿ ಫಾರ್ ಹೆಲ್ಪಿಂಗ್ ಹರ್.'

ಈ ಸೂತ್ರ ಕೈಕೊಡುವ ಮುಖ್ಯ ಜಾಗಗಳು ಸಜೆಸ್ಟ್, ರೆಕಮೆಂಡ್, ಇನ್‌ಸಿಸ್ಟ್. ಇವು ಮುಂದಿನ ಕೆಲಸದ ಬಗ್ಗೆಯೇ ಮಾತಾಡುತ್ತವೆ, ಆದರೂ 'ಇಂಗ್' ಬೇಡುತ್ತವೆ. 'ಹೋಗಲು ಸಲಹೆ ನೀಡಿದ' ಅಂತ ಕನ್ನಡದಲ್ಲಿ ಸಲೀಸಾಗಿ ಬರುವುದರಿಂದಲೇ 'ಸಜೆಸ್ಟೆಡ್ ಟು ಗೋ' ನುಗ್ಗುತ್ತದೆ. ಕ್ಲೇಮ್ ಇನ್ನೊಂದು ಕಡೆಯ ಅಪವಾದ. ಆಗಿಹೋದ ಸಂಗತಿಗೂ ಅದು 'ಟು' ಹಾಕಿ 'ಹಿ ಕ್ಲೇಮ್ಡ್ ಟು ಹ್ಯಾವ್ ಸೀನ್ ಎ ಟೈಗರ್' ಅನ್ನುತ್ತದೆ.

ಆಫ್, ಫಾರ್, ಆನ್: ಯಾವುದರ ಜೊತೆ ಯಾವುದು?

ಇಲ್ಲಿ ತರ್ಕ ಹುಡುಕಿ ಸುಮ್ನೆ ಸುಸ್ತಾಗಬೇಡಿ. ಜೋಡಿಯಾಗಿ ಕಲಿಯಿರಿ. ಅಕ್ಯೂಸ್ ಜೊತೆ ಆಫ್. ಸಸ್ಪೆಕ್ಟ್ ಜೊತೆಯೂ ಆಫ್. ಬ್ಲೇಮ್, ಥ್ಯಾಂಕ್, ಅಪಾಲಜೈಸ್ ಜೊತೆ ಫಾರ್. ಕಂಗ್ರಾಚ್ಯುಲೇಟ್ ಜೊತೆ ಆನ್: 'ದೆ ಕಂಗ್ರಾಚ್ಯುಲೇಟೆಡ್ ಹರ್ ಆನ್ ಪಾಸಿಂಗ್ ದಿ ಎಕ್ಸಾಮ್.' ಇನ್‌ಸಿಸ್ಟ್ ಜೊತೆಯೂ ಆನ್: 'ಹಿ ಇನ್‌ಸಿಸ್ಟೆಡ್ ಆನ್ ಪೇಯಿಂಗ್.' ಡಿಸ್ಕರೇಜ್ ಜೊತೆ ಫ್ರಮ್. ಪ್ರಿಪೊಸಿಷನ್ ಬಂದಮೇಲೆ ವರ್ಬ್ ಯಾವಾಗಲೂ 'ಇಂಗ್' ರೂಪದಲ್ಲಿ. ಇದಕ್ಕೆ ಅಪವಾದ ಹುಡುಕುವ ಕೆಲಸವೇ ಇಲ್ಲ.

ಅಪಾಲಜೈಸ್‌ಗೆ ಎರಡು ಬೇಕಾಗಬಹುದು: ಯಾರಲ್ಲಿ ಎನ್ನಲು ಟು, ಯಾಕೆ ಎನ್ನಲು ಫಾರ್. 'ಹಿ ಅಪಾಲಜೈಸ್ಡ್ ಟು ಹರ್ ಫಾರ್ ಶೌಟಿಂಗ್.' 'ಅಪಾಲಜೈಸ್ಡ್ ಹರ್' ಅಲ್ಲ.

ಒಂದು ಕಡೆ ಬಹಳ ಜನ ಎಡವುತ್ತಾರೆ. ಅಬ್ಜೆಕ್ಟ್, ಕನ್ಫೆಸ್ ಇವುಗಳ ಜೊತೆ ಬರುವ 'ಟು' ಪ್ರಿಪೊಸಿಷನ್. ಆದ್ದರಿಂದ 'ಶಿ ಅಬ್ಜೆಕ್ಟೆಡ್ ಟು ವೆಯ್ಟಿಂಗ್', 'ಹಿ ಕನ್ಫೆಸ್ಡ್ ಟು ಟೇಕಿಂಗ್ ದಿ ಕೀ'. 'ಟು' ಕಂಡ ತಕ್ಷಣ ಬರಿಯ ವರ್ಬ್ ಹಾಕಿಬಿಡಬೇಡಿ.

ಪ್ರಶ್ನೆಯನ್ನು ತಿಳಿಸುವಾಗ ವಾಕ್ಯ ಹೇಗಿರಬೇಕು?

ಪ್ರಶ್ನೆಯ ಆಕಾರ ಬಿಟ್ಟು ಮಾಮೂಲಿ ವಾಕ್ಯದ ಆಕಾರಕ್ಕೆ ಬರಬೇಕು. 'ವೇರ್ ಈಸ್ ದಿ ಬ್ಯಾಂಕ್?' ಎಂಬುದು 'ಹಿ ಆಸ್ಕ್ಡ್ ಮಿ ವೇರ್ ದಿ ಬ್ಯಾಂಕ್ ವಾಸ್' ಆಗುತ್ತದೆ. 'ವೇರ್ ವಾಸ್ ದಿ ಬ್ಯಾಂಕ್' ಅಲ್ಲ. 'ದಟ್' ಬೇಡವೇ ಬೇಡ. ಹೌದು, ಇಲ್ಲ ಎಂಬ ಉತ್ತರದ ಪ್ರಶ್ನೆಯಾದರೆ 'ಇಫ್' ಅಥವಾ 'ವೆದರ್': 'ಶಿ ಆಸ್ಕ್ಡ್ ಇಫ್ ಐ ಹ್ಯಾಡ್ ಈಟನ್.' 'ಊಟ ಆಯ್ತಾ ಅಂತ ಕೇಳಿದಳು' ಎಂಬುದರ 'ಅಂತ' ಇಲ್ಲಿ 'ಇಫ್' ಒಳಗೆ ಸೇರಿಹೋಗುತ್ತದೆ.

ಕಾಲವನ್ನು ಯಾವಾಗಲೂ ಹಿಂದಕ್ಕೆ ಸರಿಸಲೇಬೇಕಾ?

ಇಲ್ಲ. ಈಗಲೂ ನಿಜವಾಗಿರುವ ಸಂಗತಿಯಾದರೆ ಹಾಗೇ ಬಿಡಬಹುದು. 'ಹಿ ಸೆಡ್ ಹಿ ಲಿವ್ಸ್ ಇನ್ ಮೈಸೂರು' ಎಂದರೆ ಈಗಲೂ ಅಲ್ಲೇ ಇದ್ದಾನೆ. 'ಹಿ ಸೆಡ್ ಹಿ ಲಿವ್ಡ್ ಇನ್ ಮೈಸೂರು' ಕೂಡ ಸರಿ. 'ಟು', 'ಇಂಗ್' ಪ್ಯಾಟರ್ನ್‌ಗಳಲ್ಲಿ ಈ ತಲೆನೋವೇ ಇಲ್ಲ, ಅವು ಅದರ ದೊಡ್ಡ ಲಾಭ.

ಡಿಕ್ಷನರಿಯಲ್ಲಿ ಪ್ಯಾಟರ್ನ್ ಹುಡುಕುವುದು ಹೇಗೆ?

ಇಂಗ್ಲಿಷ್–ಕನ್ನಡ ನಿಘಂಟು ಅರ್ಥ ಕೊಡುತ್ತದೆ, ಪ್ಯಾಟರ್ನ್ ಸಾಮಾನ್ಯವಾಗಿ ಕೊಡುವುದಿಲ್ಲ. ಕಲಿಯುವವರಿಗೆಂದೇ ಮಾಡಿದ ಲರ್ನರ್ಸ್ ಡಿಕ್ಷನರಿ ನೋಡಿ. ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಮೂರೂ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ 'ಸಮ್‌ಬಡಿ' ಎಂಬುದನ್ನು 'ಎಸ್‌ಬಿ' ಅಂತ, 'ಸಮ್‌ಥಿಂಗ್' ಎಂಬುದನ್ನು 'ಎಸ್‌ಟಿಎಚ್' ಅಂತ ಚಿಕ್ಕದು ಮಾಡಿ ಬರೆಯುವುದುಂಟು. 'ಅಡ್ವೈಸ್ ಸಮ್‌ಬಡಿ ಟು ಡು ಸಮ್‌ಥಿಂಗ್' ಎಂಬ ಸಾಲು ಕಂಡರೆ ಪಕ್ಕದಲ್ಲಿ ವ್ಯಕ್ತಿ ಬೇಕು ಎಂದರ್ಥ. 'ಸಜೆಸ್ಟ್ ಡುಯಿಂಗ್ ಸಮ್‌ಥಿಂಗ್' ಎಂದಿದ್ದರೆ ವ್ಯಕ್ತಿ ಬೇಡ, 'ಇಂಗ್' ಬೇಕು.

ಈ ವ್ಯವಸ್ಥೆಯ ಹಿಂದೆ ಒಬ್ಬ ಮೇಷ್ಟ್ರಿದ್ದಾರೆ. ಎ. ಎಸ್. ಹಾರ್ನ್‌ಬಿ ಎಂಬ ಇಂಗ್ಲಿಷರು 1924ರಲ್ಲಿ ಜಪಾನಿಗೆ ಪಾಠ ಹೇಳಲು ಹೋದರು. ಅರ್ಥ ತಿಳಿದರೂ ವಾಕ್ಯ ಕಟ್ಟಲು ಬಾರದ ಕಲಿಯುವವರ ಕಷ್ಟಕ್ಕೆಂದೇ ಇಬ್ಬರು ಸಂಗಡಿಗರ ಜೊತೆ ಒಂದು ಡಿಕ್ಷನರಿ ಮಾಡಿದರು. ಅದರಲ್ಲಿ ವರ್ಬ್‌ಗಳನ್ನು 25 ಪ್ಯಾಟರ್ನ್‌ಗಳಾಗಿ ವಿಂಗಡಿಸಿ ಅಂಕಿ ಹಾಕಿದ್ದರು. 1942ರಲ್ಲಿ ಅದು ಟೋಕಿಯೋದಲ್ಲಿ ಬಂತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮತ್ತೆ ಪ್ರಕಟಿಸಿತು. ನಮ್ಮ ಎಷ್ಟೋ ಮನೆಗಳಲ್ಲಿ ಇರುವ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಅದೇ. ಜಪಾನಿನ ಮಕ್ಕಳಿಗಿದ್ದ ತೊಡಕೂ ನಮ್ಮದರಂಥದ್ದೇ ಎಂಬುದು ಸಮಾಧಾನದ ವಿಷಯ.

ಭಾರತದಲ್ಲಿ ಎಲ್ಲರೂ 'ಸಜೆಸ್ಟೆಡ್ ಮಿ ಟು' ಅಂತಾರೆ. ಅದನ್ನು ಇಂಡಿಯನ್ ಇಂಗ್ಲಿಷ್ ಅಂತ ಒಪ್ಪಬಾರದಾ?

ಮಾತಿನಲ್ಲಿ ಯಾರಿಗೂ ಅರ್ಥವಾಗದೆ ಇರುವುದಿಲ್ಲ. ಹಾಗೆ ಮಾತಾಡಿದವರನ್ನು ನಡುವೆ ತಡೆದು ತಿದ್ದುವುದು ನನಗಂತೂ ಇಷ್ಟವಿಲ್ಲ. ಮಾತಾಡುವ ಧೈರ್ಯ ಹೋದರೆ ಪ್ಯಾಟರ್ನ್ ಇಟ್ಟುಕೊಂಡು ಏನು ಮಾಡುವುದು? ಆದರೆ ಬರೆದದ್ದಕ್ಕೆ ಬೇರೆ ಅಳತೆ. ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಬರವಣಿಗೆಯಲ್ಲಿ ವ್ಯಾಕರಣಕ್ಕೇ ಕಾಲು ಭಾಗ ಅಂಕ. ಕೇಂಬ್ರಿಜ್‌ನ ಬಿ2 ಫಸ್ಟ್ ಪರೀಕ್ಷೆಯಲ್ಲಿ ಕೊಟ್ಟ ಪದ ಬಳಸಿ, ಎರಡರಿಂದ ಐದು ಪದಗಳಲ್ಲಿ ವಾಕ್ಯ ತುಂಬುವ ಪ್ರಶ್ನೆಗಳಿವೆ. ಅಲ್ಲಿ ಈ ಪ್ಯಾಟರ್ನ್‌ಗಳೇ ನೇರವಾಗಿ ಪರೀಕ್ಷೆಗೆ ಬರುತ್ತವೆ. ವಿದೇಶದ ವಿಶ್ವವಿದ್ಯಾಲಯಕ್ಕೆ ಬರೆಯುವ ಪತ್ರವನ್ನೂ ಸಂಶೋಧನಾ ಲೇಖನವನ್ನೂ ಓದುವವರು ಇದನ್ನು ತಪ್ಪು ಎಂದೇ ನೋಡುತ್ತಾರೆ. ಹಾಗಾಗಿ ಸರಿ ರೂಪ ಗೊತ್ತಿರಬೇಕು ಎಂದೇ ನನ್ನ ಅಭಿಪ್ರಾಯ.

ಎಲ್ಲ ಕಡೆ 'ಸೆಡ್ ದಟ್' ಹಾಕಿಬಿಟ್ಟರೆ ಆಗದಾ?

ಬಹುಪಾಲು ನಡೆಯುತ್ತದೆ. ಮಾತಿನ ನಡುವೆ ಪ್ಯಾಟರ್ನ್ ಮರೆತರೆ 'ಹಿ ಸೆಡ್ ದಟ್ ಐ ಶುಡ್ ಗೋ' ಅಂತ ಹೇಳಿ ಮುಂದೆ ಹೋಗಿ. ಯಾವ ತಪ್ಪೂ ಇಲ್ಲ. ಆದರೆ ಒಂದು ಪುಟದ ವರದಿಯಲ್ಲಿ ಎಲ್ಲರೂ ಬರೀ 'ಸೆಡ್' ಎನ್ನುತ್ತಿದ್ದರೆ ಯಾರು ಬೇಡಿಕೊಂಡರು, ಯಾರು ಬೆದರಿಸಿದರು ಎಂಬುದೇ ಮಾಯವಾಗುತ್ತದೆ.

ಅಭ್ಯಾಸ ಹೇಗೆ ಮಾಡಲಿ?

ಉದ್ದ ಪಟ್ಟಿ ಬಾಯಿಪಾಠ ಮಾಡಬೇಡಿ. ಮೊದಲು ಹತ್ತು ವರ್ಬ್ ಸಾಕು: ಟೆಲ್, ಆಸ್ಕ್, ಸಜೆಸ್ಟ್, ಅಡ್ವೈಸ್, ಎಕ್ಸ್‌ಪ್ಲೇನ್, ಪ್ರಾಮಿಸ್, ರೆಫ್ಯೂಸ್, ಡಿನೈ, ಅಪಾಲಜೈಸ್, ಅಕ್ಯೂಸ್. ಮನೆಯಲ್ಲಿ, ಬಸ್ಸಿನಲ್ಲಿ, ಆಫೀಸಿನಲ್ಲಿ ಅಂದು ನಿಜವಾಗಿ ಕೇಳಿದ ಒಂದು ಕನ್ನಡ ಮಾತನ್ನು ತೆಗೆದುಕೊಳ್ಳಿ. ಅದನ್ನು ಈ ಹತ್ತರಲ್ಲಿ ಒಂದು ವರ್ಬ್ ಬಳಸಿ ಇಂಗ್ಲಿಷಿನಲ್ಲಿ ಬರೆಯಿರಿ. 'ಅಮ್ಮ, ಇನ್ನು ಮೇಲೆ ಬೇಗ ಏಳ್ತೀನಿ' ಅಂತ ಮಗ ಅಂದರೆ 'ಹಿ ಪ್ರಾಮಿಸ್ಡ್ ಟು ಗೆಟ್ ಅಪ್ ಅರ್ಲಿ'. 'ಲೈಟ್ ಆರಿಸಿಲ್ಲ, ನೀನೇ ಅಲ್ವಾ?' ಅಂತ ಯಾರಾದರೂ ಕೇಳಿದರೆ 'ಶಿ ಅಕ್ಯೂಸ್ಡ್ ಮಿ ಆಫ್ ಲೀವಿಂಗ್ ದಿ ಲೈಟ್ ಆನ್'. ಆಮೇಲೆ ಲರ್ನರ್ಸ್ ಡಿಕ್ಷನರಿಯಲ್ಲಿ ಆ ವರ್ಬ್ ತೆರೆದು ನಿಮ್ಮ ವಾಕ್ಯವನ್ನು ಅಲ್ಲಿನ ಪ್ಯಾಟರ್ನ್ ಜೊತೆ ಹೋಲಿಸಿ. ತಪ್ಪಿದ್ದರೆ ತಿದ್ದಿ, ಜೋರಾಗಿ ಒಮ್ಮೆ ಓದಿ, ಮುಂದಿನ ವರ್ಬ್‌ಗೆ ಹೋಗಿ.